ಗೋಡೆಯೊಳಗಿನ ಅಡ್ಡತುಂಡು

ಇಟ್ಟಿಗೆ, ಸಿಮೆಂಟುಗಳ ಕಟ್ಟಡಗಳಲ್ಲಿ ಬೆಳೆಯುತ್ತಿರುವ ನಮಗೆ ಗೋಡೆಯೆಂದರೆ ಒಳಗೂ ಹೊರಗೂ ಗಟ್ಟಿಯಾದುದು. ಅಮೆರಿಕದ ಬಹುಪಾಲು ವಾಸದ ಮನೆಗಳ ಗೋಡೆಯಾದರೋ ಒಳಗೆ ಟೊಳ್ಳು. ಅಲ್ಲಿನ ಬಡಗಿಗಳು ಮರದ ಪಟ್ಟಿಗಳನ್ನು ಸಾಲಾಗಿ ನಿಲ್ಲಿಸಿ, ಇಕ್ಕೆಲಗಳಲ್ಲಿಯೂ ಹಲಗೆ ಹೊಡೆದು ಗೋಡೆ ಮಾಡುವರು. ಈ ಪಟ್ಟಿಗಳಿಗೆ ಸ್ಟಡ್ ಎಂದು ಹೆಸರು. ಅವು ಸಾಮಾನ್ಯವಾಗಿ 1½ ಅಂಗುಲ ದಪ್ಪ, 3½ ಅಂಗುಲ ಅಗಲ, ಸುಮಾರು 8 ಅಡಿ ಎತ್ತರ. ನಡುವಿನಿಂದ ನಡುವಿಗೆ 16 ಅಂಗುಲ ಅಂತರ. ಎರಡು ಸ್ಟಡ್ಡುಗಳ ನಡುವೆ ಅಡ್ಡಲಾಗಿ ಮೊಳೆ ಹೊಡೆದು ಕೂರಿಸುವ ಗಿಡ್ಡ ಮರದ ತುಂಡೇ ಬ್ಲಾಕಿಂಗ್. ಇದರ ಪ್ರಯೋಜನವೇನೆಂಬುದನ್ನು ವಿಚಾರಿಸೋಣ.

ತೆಳುವಾದ ಅಳತೆಪಟ್ಟಿಯೊಂದನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ಮೇಲಿನಿಂದ ಒತ್ತೋಣ. ಅದು ಮುರಿಯುವ ಮೊದಲೇ ಬಿಲ್ಲಿನಂತೆ ಬಾಗುವುದು. ಗೆಳೆಯನೊಬ್ಬನು ಅದರ ನಡುವನ್ನು ಬೆರಳುಗಳಿಂದ ಹಿಡಿದರೆ ಅಷ್ಟೇ ಒತ್ತಡಕ್ಕೆ ಅದು ಬಾಗದು. ಬಾಗುವ ಉದ್ದ ಅರ್ಧವಾದರೆ ತಾಳುವ ಭಾರ ನಾಲ್ಮಡಿಯಾಗುವುದೆಂಬುದು 18ನೆಯ ಶತಮಾನದ ಗಣಿತಜ್ಞ ಆಯ್ಲರನ ಸೂತ್ರದಿಂದ ತಿಳಿಯುತ್ತದೆ. ಸ್ಟಡ್ಡಿನ ನಡುವಿನ ಅಡ್ಡತುಂಡು ಆ ಗೆಳೆಯನ ಬೆರಳಿನಂತೆ. ನಮ್ಮ ನಗರಗಳಲ್ಲಿ ಕಾಣುವ ಬಿದಿರಿನ ಸಾರುವೆಯಲ್ಲಿ ಅಡ್ಡಬಿದಿರು ಮಾಡುವ ಕೆಲಸವೂ ಇದೇ. ಅದಿಲ್ಲದಿದ್ದರೆ ಮೇಲೆ ನಿಂತು ದುಡಿಯುವವನ ಪ್ರಾಣಕ್ಕೇ ಕುತ್ತು.

ಎರಡನೆಯ ಪ್ರಯೋಜನವು ಬೆಂಕಿಗೆ ಸಂಬಂಧಿಸಿದುದು. 1830ರ ದಶಕದಿಂದ ಷಿಕಾಗೋ ನಗರದ ಸುತ್ತಮುತ್ತ ಬಳಕೆಗೆ ಬಂದ ಬಲೂನ್ ಚೌಕಟ್ಟಿನ ಮನೆಗಳಲ್ಲಿ ಸ್ಟಡ್ಡುಗಳು ತಳಪಾಯದಿಂದ ಮಾಡಿನವರೆಗೆ ಒಂದೇ ಉದ್ದಕ್ಕೆ ನಿಲ್ಲುತ್ತಿದ್ದುವು. ಅವುಗಳ ನಡುವಣ ಟೊಳ್ಳು ಹೊಗೆಗೂಡಿನಂತಾಗಿ, ಕೆಳಗೆ ಹತ್ತಿದ ಕಿಚ್ಚು ಯಾರ ಕಣ್ಣಿಗೂ ಬೀಳದೆ ಗೋಡೆಯೊಳಗೇ ಏರಿ ಅಟ್ಟವನ್ನು ಸೇರಬಹುದಾಗಿತ್ತು. ಮಹಡಿಯಲ್ಲಿ ಮಲಗಿದವರ ಗತಿಯೇನು! ಮಹಡಿಯ ಮಟ್ಟದಲ್ಲಿ ಬಿಗಿಯಾಗಿ ಕೂರಿಸಿದ ಅಡ್ಡತುಂಡು ಈ ದಾರಿಯನ್ನು ಮುಚ್ಚುತ್ತದೆ. ಮರವೂ ಉರಿಯುವುದಲ್ಲವೇ ಎಂದು ನಾವು ಕೇಳಬಹುದು. ಉರಿಯುವುದು ದಿಟ, ಆದರೆ ದಪ್ಪ ಮರವು ಮೆಲ್ಲಗೆ ಸುಡುತ್ತದೆ, ಗಾಳಿಯ ಸೆಳೆತವೂ ನಿಲ್ಲುತ್ತದೆ. ಹಾಗೆ ದೊರೆತ ಕೆಲವು ನಿಮಿಷಗಳಲ್ಲಿ ಮಕ್ಕಳನ್ನೆಬ್ಬಿಸಿ ಹೊರಗೆ ಬರಬಹುದು. ಬಳಿಕ ಪ್ರತಿ ಮಹಡಿಗೂ ಬೇರೆ ಬೇರೆಯಾಗಿ ಗೋಡೆ ನಿಲ್ಲಿಸುವ ಪದ್ಧತಿ ಬಂದಿತು. ಅಲ್ಲಿ ಗೋಡೆಯ ತಲೆಗೂ ಬುಡಕ್ಕೂ ಹೊಡೆದ ಪಟ್ಟಿಗಳೇ ಈ ಕೆಲಸವನ್ನು ಬಹುಮಟ್ಟಿಗೆ ಮಾಡುತ್ತವೆ.

ಇನ್ನೊಂದು ಉಪಯೋಗವೂ ಉಂಟು. ಟೊಳ್ಳು ಗೋಡೆಯ ತೆಳು ಹಲಗೆಯಲ್ಲಿ ಮೊಳೆ ನಿಲ್ಲದು. ಪುಸ್ತಕದ ಕಪಾಟನ್ನೋ ಕೈತೊಳೆಯುವ ಬೋಗುಣಿಯನ್ನೋ ತೂಗಹಾಕುವ ಎಡೆಯಲ್ಲಿ ಮೊದಲೇ ಅಡ್ಡತುಂಡನ್ನಿಟ್ಟರೆ ಮೊಳೆಗೆ ಹಿಡಿತ ದೊರೆಯುವುದು.

ಹಲಗೆ ಹೊಡೆದ ಮೇಲೆ ಈ ತುಂಡುಗಳು ಯಾರಿಗೂ ಕಾಣವು. ಬಡಗಿಯು ಬಿಟ್ಟನೋ ಇಟ್ಟನೋ ತಿಳಿಯುವ ಬಗೆಯಿಲ್ಲ. ಆದುದರಿಂದಲೇ ಗೋಡೆಯನ್ನು ಮುಚ್ಚುವ ಮೊದಲು ಪರೀಕ್ಷಕರು ಬಂದು ಚೌಕಟ್ಟನ್ನು ನೋಡಿ ಒಪ್ಪಿಗೆ ಕೊಡುವುದು ಅಲ್ಲಿನ ನಗರಗಳಲ್ಲಿ ವಾಡಿಕೆಯಾಗಿದೆ.