ಹಾಡಹಗಲಿನ ಕುಣಿತ

ಚಿಗಟೇರಿ ಎಂದೊಡನೆ ನೆನಪಿಗೆ ಬರುವುದು ನಾರದಮುನಿಯ ಗುಡಿ. ಆ ಊರಿರುವ ಹರಪನಹಳ್ಳಿ ತಾಲ್ಲೂಕಿಗೆ ಇನ್ನೊಂದು ಗುರುತೂ ಉಂಟು. ಅದು ಇಲ್ಲಿನ ಲಂಬಾಣಿ ತಾಂಡಾಗಳು. ದೀಪಾವಳಿಯ ಪಾಡ್ಯದಂದು ಈ ತಾಂಡಾಗಳಲ್ಲಿ ಹೆಣ್ಣುಮಕ್ಕಳು ಕುಣಿಯುವುದು ಹಾಡಹಗಲಿನಲ್ಲಿ, ಎಲ್ಲರ ಕಣ್ಣೆದುರಿಗೆ.

ಹಿಂದಿನ ದಿನ, ಅಮಾವಾಸ್ಯೆಯ ರಾತ್ರಿ, ಮದುವೆಯಾಗದ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗಿ ಶುಭ ಹಾರೈಸುತ್ತಾರೆ. ಇದಕ್ಕೆ ‘ಮೇರಾ’ ಎಂದು ಹೆಸರು. ಅದು ತಾಂಡಾಕ್ಕೆ ಸಲ್ಲಿಸಬೇಕಾದ ಕರ್ತವ್ಯ. ಮರುದಿನದ ಹಗಲು ಮಾತ್ರ ಅವರದೇ. ಕನ್ನಡಿ, ಕಸೂತಿಯ ಉಡುಪು ತೊಟ್ಟು, ಬುಟ್ಟಿ ಹಿಡಿದು, ಹಾಡುತ್ತ ಹೊಲ–ಗುಡ್ಡಗಳತ್ತ ಹೂ ತರಲು ಹೊರಡುತ್ತಾರೆ. ಮರಳಿ ಬಂದ ಮೇಲೆ ಮನೆಗಳ ಮುಂದಿನ ಸಗಣಿ ಗುಪ್ಪೆಗಳಿಗೆ ಹೂ ಏರಿಸಿ, ದುಂಡಗೆ ನಿಂತು ಬಾಗಿ, ಚಪ್ಪಾಳೆ ತಟ್ಟಿ ಕುಣಿಯುತ್ತಾರೆ. ಕೆಲವರು ಹಾಡಿದ್ದನ್ನು ಉಳಿದವರು ತಿರುಗಿ ಹಾಡುತ್ತಾರೆ.

ಈ ನಲಿವಿನ ಒಳಗೆ ಅಗಲಿಕೆಯ ನೋವೂ ಇದೆ. ಮದುವೆ ಗೊತ್ತಾದ ಹುಡುಗಿಗೆ ಗೆಳತಿಯರ ಜೊತೆಗಿನ ಕೊನೆಯ ದೀಪಾವಳಿ ಅದು. ಮುಂದಿನ ವರ್ಷ ಆಕೆ ಬೇರೆ ತಾಂಡಾದ ಸೊಸೆ. ಹಾಗಾಗಿ ಕುಣಿಯುತ್ತಿದ್ದವರು ಒಬ್ಬರನ್ನೊಬ್ಬರು ತಬ್ಬಿ ಅಳುವುದೂ ಉಂಟು.

ಕುಣಿತಕ್ಕೆ ಹಗಲನ್ನು ಆರಿಸಿಕೊಂಡವರು ಬೇರೆಡೆಯೂ ಇದ್ದಾರೆ. ಮೊದಲ ಮಹಾಯುದ್ಧಕ್ಕೆ ಮುಂಚಿನ ವರ್ಷಗಳಲ್ಲಿ ಲಂಡನ್, ಪ್ಯಾರಿಸ್‌ನ ಹೋಟೆಲುಗಳಲ್ಲಿ ಮಧ್ಯಾಹ್ನದ ಚಹಾದ ಜೊತೆ ಟ್ಯಾಂಗೋ ಕುಣಿಯುವ ‘ಟೀ ಡ್ಯಾನ್ಸ್’ ಹಬ್ಬಿತು. ರಾತ್ರಿಯ ಕೂಟಗಳಿಗೆ ಹೋಗಲು ಅಂಜುವ ಮನೆತನದ ಹೆಣ್ಣುಮಕ್ಕಳಿಗೂ ಇಲ್ಲಿ ಪ್ರವೇಶ ಸುಲಭವಾಗಿತ್ತು. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆ, ಬ್ರಿಗೇಡ್ ರಸ್ತೆಗಳ ಆಸುಪಾಸಿನಲ್ಲಿ ಕಾಲೇಜು ಹುಡುಗ–ಹುಡುಗಿಯರು ಸೇರುತ್ತಿದ್ದ ಹಗಲಿನ ‘ಜಾಮ್ ಸೆಷನ್’ಗಳಿಗೂ ದೀಪ ಹಚ್ಚುವ ಮೊದಲು ಮನೆ ಸೇರುವ ಅನುಕೂಲವಿತ್ತು. 1980ರ ದಶಕದಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಂಥ ಊರುಗಳಲ್ಲಿ ಭಾರತ, ಪಾಕಿಸ್ತಾನ ಮೂಲದ ಮಕ್ಕಳು ಶಾಲೆ ತಪ್ಪಿಸಿ, ಮನೆಯಲ್ಲಿ ಹೇಳದೆ ಹಗಲಿನ ಭಾಂಗ್ಡಾ ಕೂಟಗಳಿಗೆ ಹೋಗುತ್ತಿದ್ದರು.

ಎಲ್ಲ ಕಡೆಯೂ ಕಾರಣ ಒಂದೇ. ರಾತ್ರಿಗೆ ಹಾಕಿದ ಬೇಲಿ ಹಗಲಿಗೆ ಇರಲಿಲ್ಲ. ಆದರೆ ಬ್ರಾಡ್‌ಫರ್ಡ್‌ನ ಹುಡುಗಿ ಕದ್ದು ಪಡೆದ ಹೊತ್ತನ್ನು ತಾಂಡಾದ ಹುಡುಗಿಗೆ ಹಿರಿಯರೇ ಕೊಟ್ಟಿದ್ದಾರೆ. ಹಬ್ಬದ ಹೆಸರಿನಲ್ಲಿ ಅವಳಿಗೆ ಊರಾಚೆಯ ದಾರಿಯೂ ಗೆಳತಿಯರ ಗುಂಪೂ ಸಿಗುತ್ತದೆ. ಅಳಬೇಕೆನಿಸಿದರೆ ಅಳಲೂ ಅಡ್ಡಿಯಿಲ್ಲ.

ಇಂದು ಲಂಬಾಣಿ ನೃತ್ಯ ಉತ್ಸವಗಳ ವೇದಿಕೆ ಏರಿದೆ, ಮೆರವಣಿಗೆಗಳಲ್ಲಿ ಮೆಚ್ಚುಗೆ ಗಳಿಸಿದೆ. ಅಲ್ಲಿ ಕೆಲವೇ ನಿಮಿಷಗಳ ಪ್ರದರ್ಶನ ಸಾಕು. ತಾಂಡಾದ ಕುಣಿತಕ್ಕೆ ಹುಡುಗಿಯರೆಲ್ಲ ಒಂದು ಹಗಲು ಊರಿನಲ್ಲಿರಬೇಕು. ಮಳೆ ಕೈಕೊಟ್ಟ ವರ್ಷ ಕಬ್ಬು ಕಡಿಯಲು, ಕಾಫಿ ತೋಟದ ಕೂಲಿಗೆ ಗುಳೆ ಹೋಗುವ ಕುಟುಂಬಗಳಿಗೆ ಆ ಒಂದು ಹಗಲನ್ನು ಉಳಿಸಿಕೊಳ್ಳುವುದೇ ಕಷ್ಟ. ಹೆಜ್ಜೆ, ಹಾಡುಗಳನ್ನು ದಾಖಲಿಸಿ ಕಾಪಾಡಬಹುದು. ಊರಿನಲ್ಲೇ ದುಡಿಮೆ ಸಿಕ್ಕರೆ ಮಾತ್ರ ಪಾಡ್ಯದ ಹಗಲು ಹುಡುಗಿಯರಿಗೆ ಉಳಿದೀತು.