ಬಗ್ ಸಿಕ್ಕಿತಾ? ಮೊದಲು ಯಾರಿಗೆ ಹೇಳ್ತೀರಿ?

ಮೈನ್‌ಕ್ರಾಫ್ಟ್ ಆಟದ ಚಾಟ್‌ನಲ್ಲಿ ಒಂದೇ ಒಂದು ಸಾಲು ಟೈಪ್ ಮಾಡಿದರೆ ಸಾಕಿತ್ತು, ಇಡೀ ಸರ್ವರ್ ಕಂಡವರ ಪಾಲಾಗುತ್ತಿತ್ತು. 2021ರ ಲಾಗ್‌ಫೋರ್‌ಶೆಲ್ ದೋಷ ಇದು.

ಈ ದೋಷ ಇದ್ದ ಲಾಗ್‌ಫೋರ್‌ಜೆ ಅನ್ನೋದು ಜಾವಾ ಪ್ರೋಗ್ರಾಂಗಳಲ್ಲಿ ನಡೆದದ್ದನ್ನೆಲ್ಲ ಬರೆದಿಡುವ ಓಪನ್ ಸೋರ್ಸ್ ಲೈಬ್ರರಿ. ಬರೆದು ಸುಮ್ಮನಿರಬೇಕಿತ್ತು. ಆದರೆ ಡಾಲರ್ ಚಿಹ್ನೆ, ಬ್ರಾಕೆಟ್, ಒಳಗೆ ‘ಜೆಎನ್‌ಡಿಐ’ ಅಂತ ಕಂಡರೆ ಅದನ್ನೇ ಆಜ್ಞೆ ಅಂದುಕೊಂಡು, ಅಲ್ಲಿ ಕೊಟ್ಟ ವಿಳಾಸಕ್ಕೆ ಹೋಗಿ, ದಾಳಿಕೋರ ಇಟ್ಟ ಕೋಡನ್ನು ತಂದು ಓಡಿಸುತ್ತಿತ್ತು. ತೀವ್ರತೆಗೆ ಸಿಕ್ಕ ಅಂಕ ಹತ್ತಕ್ಕೆ ಹತ್ತು!

ಇದನ್ನು ಕಂಡುಹಿಡಿದ ಅಲಿಬಾಬಾ ಕ್ಲೌಡ್ ಭದ್ರತಾ ತಂಡ ಊರಿಗೆಲ್ಲ ಡಂಗುರ ಸಾರಲಿಲ್ಲ. ನವೆಂಬರ್ 24ರಂದು, ಲಾಗ್‌ಫೋರ್‌ಜೆಯನ್ನು ಹೊರತರುವ ಅಪಾಚೆ ಫೌಂಡೇಶನ್‌ಗೆ ಖಾಸಗಿಯಾಗಿ ತಿಳಿಸಿತು. ಲಾಗ್‌ಫೋರ್‌ಜೆ ನೋಡಿಕೊಳ್ಳುತ್ತಿದ್ದವರು ಬಹುತೇಕ ಸ್ವಯಂಸೇವಕರು, ಬಿಡುವಿನಲ್ಲಿ ಕೋಡ್ ಬರೆಯುವವರು. ಅವರಿಗೆ ಸಿಕ್ಕಿದ್ದು ಸುಮಾರು ಎರಡು ವಾರ. ಡಿಸೆಂಬರ್ 9ಕ್ಕೆ ದಾಳಿಯ ವಿಧಾನ ಟ್ವಿಟರ್‌ನಲ್ಲೇ ಬಯಲಾಯಿತು. ಮೊದಲ ತಿದ್ದುಪಡಿಯೂ ಸಾಲಲಿಲ್ಲ, ಒಂದರ ಹಿಂದೊಂದು ಹೊಸ ಆವೃತ್ತಿ ಬಿಡಬೇಕಾಯಿತು. ಆ ಎರಡು ವಾರವೂ ಇಲ್ಲದಿದ್ದರೆ? ನೆನೆಸಿಕೊಂಡರೇ ಎದೆ ಝಲ್ಲೆನ್ನುತ್ತೆ.

ಹಾಗಂತ ವರ್ಷಗಟ್ಟಲೆ ಮುಚ್ಚಿಡೋದೂ ತಪ್ಪು. ದೋಷ ಹುಡುಕುವ ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡ ತಯಾರಕರಿಗೆ 90 ದಿನ ಗಡುವು ಕೊಡುತ್ತೆ. ಅಷ್ಟರಲ್ಲಿ ಸರಿಪಡಿಸದಿದ್ದರೆ ವಿವರ ಪ್ರಕಟ. ಇದು ನ್ಯಾಯವೇ ಸರಿ, ಬಳಸುವವರಿಗೂ ತಿಳಿಯುವ ಹಕ್ಕಿದೆ.

ನಿಮಗೆ ಇಂಥ ದೋಷ ಕಂಡರೆ ದಯವಿಟ್ಟು ಗಿಟ್‌ಹಬ್‌ನ ಇಶ್ಯೂ ಪುಟದಲ್ಲಿ ಹಾಕಬೇಡಿ, ಅದು ಎಲ್ಲರಿಗೂ ಕಾಣುತ್ತೆ. ಪ್ರಾಜೆಕ್ಟ್‌ನಲ್ಲಿ ‘ಸೆಕ್ಯುರಿಟಿ’ ಹೆಸರಿನ ಫೈಲ್ ಇದೆಯಾ ನೋಡಿ, ಅಲ್ಲಿರುವ ವಿಳಾಸಕ್ಕೆ ಬರೆಯಿರಿ.