ತಮ್ಮ ಹಾಡಿಗೆ ತಾವೇ ಒಡೆಯರು
ನ್ಯಾಶ್‌ವಿಲ್ ನಗರದ ಗಾಯಕ ಜೋಡಿಯೊಂದರ ವ್ಯವಹಾರ ಪಾಠ

ಸಂಗೀತವೂ ಒಂದು ಉದ್ಯಮ. ಅಲ್ಲಿಯೂ ಬಂಡವಾಳ ಹೂಡುವವರು, ಉತ್ಪಾದಿಸುವವರು, ಮಾರುವವರು ಇದ್ದಾರೆ. ಅಮೆರಿಕದ ಟೆನೆಸಿ ರಾಜ್ಯದ ನ್ಯಾಶ್‌ವಿಲ್ ನಗರವು ಈ ಉದ್ಯಮದ ಬಹುದೊಡ್ಡ ಪೇಟೆ. ದಕ್ಷಿಣ ರಾಜ್ಯಗಳ ಗ್ರಾಮೀಣ ಜನರ ಹಾಡುಗಳಿಂದ ಬೆಳೆದುಬಂದ ‘ಕಂಟ್ರಿ’ ಸಂಗೀತವು ಅಲ್ಲಿ ಧ್ವನಿಮುದ್ರಣಗೊಂಡು ಹೊರಜಗತ್ತಿಗೆ ರವಾನೆಯಾಗುತ್ತದೆ. ಈ ಪೇಟೆಯ ಬೃಹತ್ ಸಂಸ್ಥೆಗಳ ನಡುವೆ ಸ್ವಂತ ಸಣ್ಣ ಸಂಸ್ಥೆಯನ್ನು ಕಟ್ಟಿ, ಎರಡು ದಶಕಗಳಿಗೂ ಮೀರಿ ಅದನ್ನು ನಡೆಸಿಕೊಂಡು ಬಂದವರು ಗಿಲಿಯನ್ ವೆಲ್ಚ್ ಮತ್ತು ಡೇವಿಡ್ ರಾಲಿಂಗ್ಸ್. ಇವರ ವೃತ್ತಿಜೀವನದಲ್ಲಿ ಸಣ್ಣ ಉತ್ಪಾದಕರು ಗಮನಿಸಬೇಕಾದ ಅಂಶಗಳು ಹಲವಿವೆ.

ಇವರಿಬ್ಬರ ಪರಿಚಯವಾದದ್ದು ಬಾಸ್ಟನ್ ನಗರದ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ. 1990ರ ದಶಕದ ಆರಂಭದಲ್ಲಿ ಇಬ್ಬರೂ ನ್ಯಾಶ್‌ವಿಲ್ ಸೇರಿದರು. ಎರಡು ಗಿಟಾರು, ಎರಡು ಕಂಠ. ಇಷ್ಟೇ ಇವರ ಮೂಲ ಬಂಡವಾಳ. 1996ರಲ್ಲಿ ಆಲ್ಮೋ ಸೌಂಡ್ಸ್ ಸಂಸ್ಥೆಯು ಇವರ ಮೊದಲ ಸಂಕಲನ ‘ರಿವೈವಲ್’ ಅನ್ನು ಹೊರತಂದಿತು. ಅದು ಗ್ರ್ಯಾಮಿ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತು. 1998ರಲ್ಲಿ ಎರಡನೆಯ ಸಂಕಲನ ಬಂದಿತು.

ಈ ಉದ್ಯಮದ ಒಪ್ಪಂದಗಳ ಸ್ವರೂಪವನ್ನು ಇಲ್ಲಿ ತಿಳಿಯುವುದು ಅವಶ್ಯ. ಹಾಡೊಂದರಲ್ಲಿ ಎರಡು ಬಗೆಯ ಸ್ವತ್ತು ಅಡಗಿದೆ. ರಚನೆಯ ಹಕ್ಕು ಒಂದು, ಧ್ವನಿಮುದ್ರಣದ ಹಕ್ಕು ಇನ್ನೊಂದು. ಸಾಮಾನ್ಯವಾಗಿ ಸಂಗೀತ ಸಂಸ್ಥೆಯು ಕಲಾವಿದನಿಗೆ ಮುಂಗಡ ಕೊಟ್ಟು, ಅದನ್ನೂ ಧ್ವನಿಮುದ್ರಣದ ವೆಚ್ಚವನ್ನೂ ಅವನ ಪಾಲಿನ ರಾಯಧನದಿಂದಲೇ ಮುರಿದುಕೊಳ್ಳುತ್ತದೆ. ಸಾಲ ತೀರಿದ ಮೇಲೂ ಮೂಲ ಧ್ವನಿಮುದ್ರಣವು ಸಂಸ್ಥೆಯ ಆಸ್ತಿಯಾಗಿಯೇ ಉಳಿಯುವುದು ವಾಡಿಕೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಇದು ಇನ್ನೊಬ್ಬರ ಛಾಪಿಗಾಗಿ ಜಾಬ್‌ವರ್ಕ್ ಮಾಡಿಕೊಟ್ಟಂತೆ. ಕೂಲಿ ದೊರೆಯುತ್ತದೆ, ಸರಕು ತನ್ನದಾಗುವುದಿಲ್ಲ.

ಆಲ್ಮೋ ಸಂಸ್ಥೆಯು ಯೂನಿವರ್ಸಲ್ ಸಮೂಹದ ಪಾಲಾದ ಬಳಿಕ ಈ ಜೋಡಿ ಮತ್ತೊಬ್ಬ ದೊಡ್ಡ ಧಣಿಯನ್ನು ಅರಸಲಿಲ್ಲ. 2001ರಲ್ಲಿ ‘ಅಕೋನಿ ರೆಕಾರ್ಡ್ಸ್’ ಎಂಬ ಸ್ವಂತ ಸಂಸ್ಥೆಯ ಮೂಲಕ ‘ಟೈಮ್ (ದ ರೆವಲೇಟರ್)’ ಸಂಕಲನವನ್ನು ಬಿಡುಗಡೆ ಮಾಡಿತು. ಅಕೋನಿ ಎಂಬುದು ಅಪಲೇಚಿಯನ್ ಗುಡ್ಡಗಾಡಿನ ಒಂದು ಕಾಡುಹೂವಿನ ಹೆಸರು.

ಕಾಲವಾದರೋ ಅನುಕೂಲಕರವಾಗಿರಲಿಲ್ಲ. 1999ರಲ್ಲಿ ಆರಂಭವಾದ ನ್ಯಾಪ್‌ಸ್ಟರ್ ಸೇವೆಯಿಂದಾಗಿ ಹಾಡುಗಳನ್ನು ಕಾಸಿಲ್ಲದೆ ಪಡೆಯುವ ರೂಢಿ ಹಬ್ಬಿತ್ತು. ಮಾರಬೇಕಾದ ಸರಕು ಬಿಟ್ಟಿಯಾಗಿ ಸಿಗುವಾಗ ಉತ್ಪಾದಕನು ಬದುಕುವುದು ಹೇಗೆ? ಅದೇ ಸಂಕಲನದ ‘ಎವೆರಿಥಿಂಗ್ ಈಸ್ ಫ್ರೀ’ ಎಂಬ ಹಾಡಿನ ವಸ್ತುವೇ ಈ ಪ್ರಶ್ನೆ. ದೊಡ್ಡ ಸಂಸ್ಥೆಗಳೇ ತತ್ತರಿಸುತ್ತಿದ್ದ ಹೊತ್ತಿನಲ್ಲಿ ಇಬ್ಬರು ಕಲಾವಿದರು ಸ್ವಂತ ಹೊಣೆಯ ಮೇಲೆ ಪೇಟೆಗಿಳಿದದ್ದು ಸಣ್ಣ ಧೈರ್ಯವಲ್ಲ.

ಮುಂದಿನ ಹೆಜ್ಜೆ ಸ್ಥಿರಾಸ್ತಿಯದು. 1967ರಿಂದ ಧ್ವನಿಮುದ್ರಣ ಶಾಲೆಯಾಗಿ ಹೆಸರಾಗಿದ್ದ, ಅದಕ್ಕೂ ಮೊದಲು ಚಿತ್ರಮಂದಿರವಾಗಿದ್ದ ‘ವುಡ್‌ಲ್ಯಾಂಡ್’ ಸ್ಟುಡಿಯೋವನ್ನು ಈ ಜೋಡಿ ಕೊಂಡಿತು. ಗಂಟೆಯ ಲೆಕ್ಕದಲ್ಲಿ ಬಾಡಿಗೆ ತೆರುವ ಅಗತ್ಯ ತಪ್ಪಿತು. ಆದರೆ ಕಟ್ಟಡದ ದುರಸ್ತಿ, ಯಂತ್ರಗಳ ಸವಕಳಿ ಇವೆಲ್ಲ ಅಂದಿನಿಂದ ಮಾಲೀಕರ ಖರ್ಚಿಗೇ ಸೇರಿದವು.

ಸ್ವಾತಂತ್ರ್ಯದ ಇನ್ನೊಂದು ಬೆಲೆ ಕಾಲವಿಳಂಬ. 2003ರ ‘ಸೋಲ್ ಜರ್ನಿ’ಯ ನಂತರ ವೆಲ್ಚ್ ಹೆಸರಿನ ಮುಂದಿನ ಸಂಕಲನ ಬಂದದ್ದು 2011ರಲ್ಲಿ. ನಡುವೆ ಹಾಡುಗಳನ್ನು ಬರೆಯುತ್ತಲೇ ಇದ್ದರೂ ಅವು ತಮಗೆ ಒಪ್ಪಿಗೆಯಾಗದ ಕಾರಣ ಹೊರತರಲಿಲ್ಲ. ಆ ಸಂಕಲನದ ವಿನೈಲ್ ತಟ್ಟೆ ಬಂದದ್ದು ಇನ್ನೂ ತಡವಾಗಿ, 2017ರಲ್ಲಿ. ಅದಕ್ಕಾಗಿ ಮೂಲತಟ್ಟೆ ಕೊರೆಯುವ ಯಂತ್ರವನ್ನೇ ಕೊಂಡರು. ಗುಣಮಟ್ಟದಲ್ಲಿ ರಾಜಿಯಾಗದ ಈ ನಿಲುವನ್ನು ವಾರ್ಷಿಕ ಗುರಿ ವಿಧಿಸುವ ಧಣಿಯು ಸಹಿಸುತ್ತಿದ್ದನೇ ಎಂಬುದು ವಿಚಾರಾರ್ಹ. ಆದರೆ ಎಂಟು ವರ್ಷಗಳ ಕಾಲ ಮುಖ್ಯ ಹೆಸರಿನಲ್ಲಿ ಹೊಸ ಸರಕಿಲ್ಲದೆ ಅಂಗಡಿ ತೆರೆದಿಡುವುದು ಎಲ್ಲರಿಗೂ ಸಾಧ್ಯವಲ್ಲವೆಂಬುದೂ ಅಷ್ಟೇ ನಿಜ.

ಒಡೆತನದ ನಿಜವಾದ ಪರೀಕ್ಷೆ ನಡೆದದ್ದು 2020ರ ಮಾರ್ಚ್ ತಿಂಗಳ ಆರಂಭದಲ್ಲಿ. ಒಂದು ರಾತ್ರಿ ನ್ಯಾಶ್‌ವಿಲ್ ನಗರಕ್ಕೆ ಎರಗಿದ ಸುಂಟರಗಾಳಿ ವುಡ್‌ಲ್ಯಾಂಡ್ ಕಟ್ಟಡದ ಛಾವಣಿಯನ್ನು ಕಿತ್ತೆಸೆಯಿತು. ಒಳಗೆ ನೀರು ಸುರಿಯುತ್ತಿರಲು, ಇಬ್ಬರೂ ಕತ್ತಲಲ್ಲೇ ಮೂಲ ಟೇಪುಗಳನ್ನೂ ವಾದ್ಯಗಳನ್ನೂ ಸುರಕ್ಷಿತ ಜಾಗಕ್ಕೆ ಹೊತ್ತು ಸಾಗಿಸಿದರು. ಹಾಗೆ ಉಳಿದ ಟೇಪುಗಳಲ್ಲಿ ಒಂದು ಹಳೆಯ ದಾಸ್ತಾನಿತ್ತು. 2002ರಲ್ಲಿ, ಹಾಡುಗಳ ಪ್ರಕಟಣೆಯ ಒಪ್ಪಂದವೊಂದರ ಬಾಕಿಯನ್ನು ತೀರಿಸಿ ಅದರಿಂದ ಬಿಡುಗಡೆ ಹೊಂದಲು, ಒಂದು ವಾರಾಂತ್ಯದಲ್ಲಿ ಬಿರುಸಿನಿಂದ ಸಿದ್ಧಪಡಿಸಿದ್ದ ಹಾಡುಗಳವು. ಅದೇ ವರ್ಷ ಅವುಗಳಲ್ಲಿ 48 ಹಾಡುಗಳು ಮೂರು ಸಂಪುಟಗಳಾಗಿ ಅಕೋನಿ ಹೆಸರಿನಲ್ಲಿ ಹೊರಬಂದವು. ಹದಿನೆಂಟು ವರ್ಷ ಕಪಾಟಿನಲ್ಲಿದ್ದ ಸರಕು ಹೀಗೆ ಪೇಟೆ ಕಂಡಿತು.

ಕೊರೋನಾ ನಿರ್ಬಂಧದ ದಿನಗಳಲ್ಲಿ ಮನೆಯಲ್ಲಿಯೇ ಮುದ್ರಿಸಿದ ‘ಆಲ್ ದ ಗುಡ್ ಟೈಮ್ಸ್’ ಸಂಕಲನಕ್ಕೆ 2021ರಲ್ಲಿ ಅತ್ಯುತ್ತಮ ಜಾನಪದ ಸಂಕಲನದ ಗ್ರ್ಯಾಮಿ ದೊರೆಯಿತು. ದುರಸ್ತಿಗೊಂಡ ಸ್ಟುಡಿಯೋದ ಹೆಸರನ್ನೇ ಹೊತ್ತ 2024ರ ‘ವುಡ್‌ಲ್ಯಾಂಡ್’ ಸಂಕಲನಕ್ಕೆ 2025ರಲ್ಲಿ ಅದೇ ಪ್ರಶಸ್ತಿ ಮತ್ತೊಮ್ಮೆ ಬಂದಿತು.

ಈ ಜೋಡಿಯ ವ್ಯವಹಾರವು ಗಾತ್ರದಲ್ಲಿ ದೊಡ್ಡದಲ್ಲ. ಆದರೆ ರಚನೆ, ಉಪಕರಣ, ಕಟ್ಟಡ, ಛಾಪು ಎಲ್ಲವೂ ಒಂದೇ ಕೈಯಲ್ಲಿವೆ. ಅವುಗಳ ಜೊತೆಗೆ ಛಾವಣಿ ಹಾರಿಹೋದ ರಾತ್ರಿಯ ಹೊಣೆಯೂ ಅದೇ ಕೈಗೆ ಬಂದಿತು. ಇನ್ನೊಬ್ಬರ ಹೆಸರಿಗೆ ಸರಕು ತಯಾರಿಸಿಕೊಡುತ್ತಲೇ ಸ್ವಂತ ಛಾಪಿನ ಯೋಚನೆಯಲ್ಲಿರುವ ಉದ್ಯಮಿಯು ಜಮಾ ಬದಿಯೊಡನೆ ಖರ್ಚಿನ ಬದಿಯನ್ನೂ ಬರೆದಿಟ್ಟುಕೊಂಡು, ಎರಡನ್ನೂ ತೂಗಿ ನೋಡಿ, ಬಳಿಕ ಹೆಜ್ಜೆಯಿಡುವುದು ಒಳಿತು.